ಮಾಳಿಗೆಯ ಕೆಳಗೆ ಬಾರದ ಹುಡುಗಿ

ನಮ್ಮ ಕಿಣ್ಣಿ ಸುಲ್ತಾನದಲ್ಲಿ ಆಗಿನ್ನೂ ಮನೆಯೆಂದರೆ ಮಾಳಿಗೆ ಮನೆ. ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅವುಗಳ ಮೇಲೆ ಹಾಸಿದ ಮಣ್ಣು. ಸೋರಬಾರದೆಂದು ಮಳೆಗಾಲಕ್ಕೆ ಮುಂಚೆ ವರ್ಷವರ್ಷವೂ ಇನ್ನೊಂದು ಪದರ ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಿದ್ದರು. ಮುತ್ತಜ್ಜನ ಕಾಲದ ಮಣ್ಣಿನ ಮೇಲೆ ಅಜ್ಜನ ಕಾಲದ್ದು, ಅದರ ಮೇಲೆ ಅಪ್ಪ ಹಾಕಿದ್ದು. ಹೊರಗೆ ಬಿಸಿಲು ಬೆಂಕಿ ಸುರಿದರೂ ಒಳಗೆ ತಂಪು. ಒಲೆಯ ಹೊಗೆ, ಜೋಳದ ಚೀಲಗಳ ಕಮಟು, ಮೂಲೆಯಲ್ಲಿ ಕಟ್ಟಿದ ಎಮ್ಮೆಯ ಉಸಿರು ಎಲ್ಲ ಸೇರಿ ಆ ಗೋಡೆಗಳಿಗೆ ತಮ್ಮದೇ ಒಂದು ವಾಸನೆ ಇತ್ತು. ಗುಡುಗಿಗೆ ಹೆದರಿದರೆ, ಅವ್ವ ಬೈದರೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ಕೂತುಬಿಡುತ್ತಿದ್ದೆವು. ಗೋಡೆಗೇ ಹೆದರುವ ದಿನ ಬರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ.

ನಾನಾಗ ನಾಲ್ಕನೇ ಇಯತ್ತೆ. ತೊಗರಿ ನನ್ನೆತ್ತರಕ್ಕೆ ಬೆಳೆದಿತ್ತು, ಹಿಂಗಾರಿ ಜೋಳಕ್ಕೆ ಹೊಲ ಹದ ಮಾಡುತ್ತಿದ್ದರು. ಗಣಪತಿಯನ್ನು ಕಳಿಸಿ ಊರು ದಣಿದು ಮಲಗಿತ್ತು. ಬೆಳಗಿನ ಜಾವ ಭೂಮಿ ನಡುಗಿತು. ನನಗೆ ಮೊದಲು ನೆನಪಾಗುವುದು ಸಪ್ಪಳ. ಕಲ್ಲು ಹಾಸಿನ ಮೇಲೆ ನೂರಾರು ಬಂಡಿಗಳು ಒಟ್ಟಿಗೆ ಓಡಿ ಬಂದಂತೆ ಅದು ನೆಲದ ಒಳಗಿನಿಂದ ಬಂತು. ಗೋಡೆಯ ಹಲಗೆಯ ಮೇಲಿನ ತಟ್ಟೆ, ತಂಬಿಗೆಗಳು ದಬದಬ ಉರುಳಿದವು. ಅಪ್ಪ ನನ್ನನ್ನು ಒಂದು ಕೈಯಲ್ಲಿ, ಅಜ್ಜಿಯನ್ನು ಒಂದು ಕೈಯಲ್ಲಿ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದ. ಬಾಯಿಯ ತುಂಬ ಮಣ್ಣಿನ ರುಚಿ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆ ನೆಲಕ್ಕೆ ಕೂತು ಬಸವಾ, ಬಸವಾ ಎನ್ನುತ್ತಿದ್ದಳು.

ಬೆಳಕಾದ ಮೇಲೆ ನೋಡಿದರೆ ನಮ್ಮ ಓಣಿಯ ಮನೆಗಳೆಲ್ಲ ನಿಂತೇ ಇದ್ದವು, ಗೋಡೆಗಳು ಮಾತ್ರ ಸೀಳಿದ್ದವು. ಮಕ್ಕಳಿಗೆ ಅದೂ ಒಂದು ಆಟವಾಯಿತು. ಯಾರ ಮನೆಯ ಸೀಳು ದೊಡ್ಡದೆಂದು ಕೈ ಹಾಕಿ ನೋಡುತ್ತ ಓಣಿಯೆಲ್ಲ ಓಡಾಡಿದೆವು. ನಮ್ಮ ಮನೆಯ ಸೀಳಿನಲ್ಲಿ ನನ್ನ ಕೈ ಮಣಿಕಟ್ಟಿನವರೆಗೂ ಹೋಯಿತು. ನಾನು ಗೆದ್ದೆನೆಂದು ಕುಣಿದೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಗಡಿಯಾಚೆಯ ಕಿಲ್ಲಾರಿಯ ಕಡೆ ಊರೂರೇ ನೆಲಕ್ಕೆ ಕೂತಿವೆಯಂತೆ. ಅಪ್ಪನ ಒಬ್ಬಳೇ ತಂಗಿ ಗಂಗತ್ತೆಯನ್ನು ಆ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಅಪ್ಪ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಟುನಿಂತ. ಊರಿನ ಹೆಂಗಸರೆಲ್ಲ ಅಂಗಳದಲ್ಲೇ ಒಲೆ ಹೂಡಿ ರೊಟ್ಟಿ ಬಡಿದರು. ಆ ರೊಟ್ಟಿಯ ಗಂಟುಗಳನ್ನು ಲಾರಿಗೆ ಹೇರಿಕೊಂಡು ಅಪ್ಪನ ಜೊತೆ ಹೋದವರಲ್ಲಿ ನಮ್ಮ ಶಾಲೆಯ ಬಶೀರ್ ಮಾಸ್ತರರೂ ಇದ್ದರು.

ಕೆಲವು ದಿನ ಬಿಟ್ಟು ಅವರು ತಿರುಗಿ ಬಂದಾಗ ಅಪ್ಪನ ಕೈ ಹಿಡಿದು ಗಂಗತ್ತೆಯ ಮಗಳು ಶಾಂತಾ ಇದ್ದಳು. ನನಗಿಂತ ಒಂದು ವರ್ಷ ದೊಡ್ಡವಳು. ಆಯಿ ಬಾಗಿಲಲ್ಲಿ ನಿಂತು ಅವರ ಹಿಂದೆ ದಾರಿ ನೋಡಿದಳು. ಇನ್ನೂ ಯಾರೋ ಬರುತ್ತಿರಬೇಕು ಎಂಬಂತೆ ನೋಡಿದಳು. ಅಪ್ಪ ತಲೆ ಎತ್ತದೆ ಹೇಳಿದ.

"ಶಾಂತಾ ಒಬ್ಬಾಕೇ ಅದಾಳವ್ವ."

ಅತ್ತೆ, ಮಾವ, ಅವರ ಸಣ್ಣ ಮಗ, ಮೂವರೂ ಮನೆಯ ಕೆಳಗೆ ಉಳಿದಿದ್ದರು. ಶಾಂತಾ ಆ ದಿನ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಮಲಗಿದ್ದಳಂತೆ. ಕೊಟ್ಟಿಗೆಯ ಮೇಲೆ ಇದ್ದದ್ದು ಜೋಳದ ದಂಟಿನ ಮಾಡು. ಅದೂ ಬಿದ್ದಿತ್ತು, ಆದರೆ ಆಕೆ ದಂಟು ಸರಿಸಿ ಎದ್ದು ಬಂದಿದ್ದಳು. ಆಕೆ ಅಲ್ಲಿ ಯಾಕೆ ಮಲಗಿದ್ದಳೆಂದು ಯಾರೂ ಕೇಳಲಿಲ್ಲ.

ಅವ್ವ ಆಕೆಗೆ ತಲೆ ಎರೆದಳು. ಎಷ್ಟು ಎರೆದರೂ ಕೂದಲಿನಿಂದ ಮಣ್ಣು ಬರುತ್ತಲೇ ಇತ್ತು. ಹೊಸ ಪರಕಾರ ಲಂಗ ಉಡಿಸಿ, ಉಣ್ಣಲು ಬಾ ಎಂದು ಒಳಗೆ ಕರೆದರೆ ಹೊಸ್ತಿಲ ಮುಂದೆ ನಿಂತುಬಿಟ್ಟಳು. ಎಳೆದರೆ ಕಂಬ ತಬ್ಬಿಕೊಂಡಳು. ಕೊನೆಗೆ ಅಪ್ಪ ಅಂಗಳದ ಬೇವಿನ ಗಿಡಕ್ಕೆ ಒರಗಿಸಿ ದಂಟಿನದೊಂದು ನೆರಳು ಕಟ್ಟಿಕೊಟ್ಟ. ಅವಳ ಊಟ, ನಿದ್ದೆ ಎಲ್ಲ ಅಲ್ಲೇ.

ಆಗ ಊರಿಗೆ ಊರೇ ಅಂಗಳದಲ್ಲಿ, ಹೊಲದಲ್ಲಿ ಮಲಗುತ್ತಿತ್ತು, ಭೂಮಿ ಆಗಾಗ ಸಣ್ಣಗೆ ಅದುರುತ್ತಲೇ ಇತ್ತಲ್ಲ. ನಮಗೋ ಹಬ್ಬ. ಸಾಲಾಗಿ ಹಾಸಿದ ಕೌದಿ, ಇಬ್ಬನಿಯ ವಾಸನೆ, ಒಗಟು, ನಗು. ಶಾಂತಾ ಅದರಲ್ಲಿ ಸೇರುತ್ತಿರಲಿಲ್ಲ. ತಂಬಿಗೆಯಲ್ಲಿ ನೀರು ತುಂಬಿ ನೆಲದ ಮೇಲಿಟ್ಟು ಅದರ ಮುಂದೆ ಕೂತಿರುತ್ತಿದ್ದಳು, ನೀರು ಅಲುಗುತ್ತದೋ ಎಂದು ನೋಡುತ್ತ. ಕುಂಟಾಬಿಲ್ಲೆಗೆ ಕರೆದರೆ ಬರುತ್ತಿರಲಿಲ್ಲ. ನಾನು ಕುಂಟಿದರೆ, "ಜೋರಲೆ ಜಿಗೀಬ್ಯಾಡ ನೀಲಾ," ಎಂದು ಪಿಸುಗುಟ್ಟುತ್ತಿದ್ದಳು. ನಡೆಯುವಾಗಲೂ ಹಾಸಿಗೆಯಲ್ಲಿ ಯಾರೋ ಮಲಗಿದ್ದಾರೆ, ಅವರನ್ನು ಎಬ್ಬಿಸಬಾರದು ಎಂಬಂತೆ ಅಡಿಯಿಡುತ್ತಿದ್ದಳು.

ಇನ್ನೊಂದು ಚಾಳಿ ಇತ್ತು. ಒಮ್ಮೆ ಎಮ್ಮೆ ಹಾಲಿನ ಪಾತ್ರೆ ಒದ್ದಾಗ ಅವ್ವ ಸಿಟ್ಟಿಗೆದ್ದು, "ನಿನ್ನ ಹೆಣಾ ಎತ್ತ..." ಎನ್ನುವಷ್ಟರಲ್ಲಿ ಶಾಂತಾ ಓಡಿ ಬಂದು ಅಂಗೈಯಿಂದ ಅವ್ವನ ಬಾಯಿ ಮುಚ್ಚಿಬಿಟ್ಟಳು. ಗಟ್ಟಿಯಾಗಿ ಒತ್ತಿ ಹಿಡಿದಳು. ನಾನು ನಕ್ಕೆ. ಅವ್ವ ನಗಲಿಲ್ಲ, ರಾತ್ರಿ ಅದನ್ನು ಅಪ್ಪನಿಗೆ ಪಿಸುಮಾತಿನಲ್ಲಿ ಹೇಳಿದಳು.

ಹೀಗೇಕಾಯಿತು ಎಂಬುದಕ್ಕೆ ಊರಲ್ಲಿ ಹತ್ತು ಬಾಯಿಗೆ ಹತ್ತು ಮಾತು. ಆದಿಶೇಷ ಹೆಡೆ ಬದಲಿಸಿದ ಎಂದರು ಕೆಲವರು. ಆ ಸೀಮೆಯ ಜನ ದೇವಿಯ ಹರಕೆ ತೀರಿಸಿರಲಿಲ್ಲ ಎಂದರು. ಮಾತಾಡಿಸಲು ಬಂದವರ ಮುಂದೆಲ್ಲ ಆಯಿ ಒಂದೇ ಮಾತು ಹೇಳಿ ಅಳುತ್ತಿದ್ದಳು: "ಯಾರ ಶಾಪ ತಟ್ಟಿತೋ ನನ್ನ ಮಗಳ ಮನಿಗಿ." ದಿನಕ್ಕೆ ಎಷ್ಟೋ ಸಲ ಈ ಮಾತು ಕಟ್ಟೆಯ ಮೇಲಿಂದ ಬೇವಿನ ಗಿಡದವರೆಗೆ ಬರುತ್ತಿತ್ತು. ಗಿಡದ ಕೆಳಗೆ ಶಾಂತಾ ತಲೆ ತಗ್ಗಿಸಿ ತಂಬಿಗೆಯ ನೀರು ನೋಡುತ್ತ ಕೂತಿರುತ್ತಿದ್ದಳು.

ಶಾಲೆಯ ಗೋಡೆಯೂ ಸೀಳಿದ್ದರಿಂದ ಪಾಠ ಹೊರಗೆ, ಹುಣಸೆ ಮರದ ಕೆಳಗೆ ಶುರುವಾಯಿತು. ಮಾಳಿಗೆ ಇಲ್ಲದ್ದಕ್ಕೆ ಶಾಂತಾಳೂ ನನ್ನ ಜೊತೆ ಬಂದಳು. ಬಶೀರ್ ಮಾಸ್ತರರು ಅಫಜಲಪುರದವರು. ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ. ಮೊದಲು ಅವರು ಮಗ್ಗಿ ಹೇಳಿಸಿದರೆ ಕೆರೆಯ ಆ ದಂಡೆಗೆ ಕೇಳುತ್ತಿತ್ತು. ಕಿಲ್ಲಾರಿಯ ಕಡೆಯಿಂದ ಬಂದ ಮೇಲೆ ಅವರ ದನಿ ಇಳಿದುಹೋಗಿತ್ತು. ಅಲ್ಲಿ ಅವರು ಬಿದ್ದ ಮನೆಗಳ ಕಲ್ಲು ಎತ್ತುವ ಕೆಲಸಕ್ಕೆ ನಿಂತಿದ್ದರೆಂದು ಅಪ್ಪ ಹೇಳಿದ್ದ. ಎಷ್ಟೋ ದಿನ ಅವರು ನಮ್ಮಿಂದ ಓದಿಸುವುದೊಂದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಓದು ತಪ್ಪಿದರೂ ತಿದ್ದುತ್ತಿರಲಿಲ್ಲ.

ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಭೂಮಿ ಯಾಕೆ ನಡುಗುತ್ತದೆ ಎಂದು ಕೇಳಿಯೇಬಿಟ್ಟ. ಮಾಸ್ತರರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಆಮೇಲೆ, ಯಾರ ಬುತ್ತಿಯಲ್ಲಾದರೂ ಕಟಕ ರೊಟ್ಟಿ ಇದೆಯೇ ಎಂದು ಕೇಳಿದರು. ನಾನು ಕೊಟ್ಟೆ. ಒಣಗಿ ಗರಿಗರಿಯಾದ ದೊಡ್ಡ ಜೋಳದ ರೊಟ್ಟಿ.

ನಾವು ನಿಂತ ನೆಲ ಒಂದೇ ಅಖಂಡ ತುಂಡಲ್ಲ, ಭೂಮಿಯ ಮೇಲಿನ ಪದರ ಇಂಥ ದೊಡ್ಡ ದೊಡ್ಡ ರೊಟ್ಟಿಗಳ ಹಾಗಿದೆ, ಅವು ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತಿವೆ ಎಂದರು. ನಮ್ಮ ದೇಶ ಹೊತ್ತ ರೊಟ್ಟಿ ಉತ್ತರಕ್ಕೆ ಸರಿದು ಅಲ್ಲಿನ ದೊಡ್ಡ ನೆಲವನ್ನು ನೂಕುತ್ತಿದೆ, ಆ ನೂಕಾಟದಿಂದಲೇ ಹಿಮಾಲಯ ಎದ್ದದ್ದು ಎಂದರು. ರೊಟ್ಟಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರು. ಮೊದಲು ಅಂಚು ಪುಡಿಪುಡಿಯಾಗಿ ಉದುರಿತು.

"ನೋಡ್ರಿ, ಅಂಚಿನಾಗ ತಿಕ್ಕಾಟ ಭಾಳ. ಅದಕ್ಕ ಅಲ್ಲಿ ಪದೇ ಪದೇ ಭೂಕಂಪ ಆಗ್ತಾವ. ನಾವಿರೋದು ನಡುವ. ಇದು ಗಟ್ಟಿ ನೆಲ, ಇಲ್ಲಿ ಏನೂ ಆಗಂಗಿಲ್ಲ ಅಂತ ನಾ ಕಲ್ತಿದ್ದೆ. ನಿಮಗೂ ಅದನ್ನೇ ಕಲ್ಸಿದ್ದೆ."

ಅವರು ಒತ್ತುತ್ತಲೇ ಇದ್ದರು. ರೊಟ್ಟಿಯ ನಡುವೆ, ಬೇಯುವಾಗ ಎಳೆಯಷ್ಟು ಬಿರಿದಿದ್ದ ಒಂದು ಜಾಗವಿತ್ತು. ಫಟ್ಟೆಂದು ಅಲ್ಲೇ ಮುರಿಯಿತು. ನಾವೆಲ್ಲ ಬೆಚ್ಚಿದೆವು. ನಡುವಿನ ನೆಲದಲ್ಲೂ ಆಳದಲ್ಲಿ ಇಂಥ ಹಳೆಯ ಸೀಳುಗಳಿರುತ್ತವೆ, ಒತ್ತಡ ಎಷ್ಟೋ ಕಾಲ ಕೂಡಿ ಕೂಡಿ ಎಂದೋ ಒಮ್ಮೆ ಅಲ್ಲಿ ಬಿಟ್ಟುಕೊಳ್ಳುತ್ತದೆ ಎಂದರು. ಅಲ್ಲಿ ಜನ ಸತ್ತದ್ದು ನೆಲ ಅಲುಗಿದ್ದಕ್ಕಲ್ಲ, ಮಣ್ಣಿನ ಭಾರ ಹೊತ್ತ ಗೋಡೆಗಳು ಅವರ ಮೇಲೆ ಬಿದ್ದದ್ದಕ್ಕೆ ಎಂದರು. ಇಷ್ಟು ಹೇಳುವಾಗ ಅವರು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಮುರಿದ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ನಮಗೆಲ್ಲ ಚೂರು ಚೂರು ಹಂಚಿದರು.

ಆಗ ಶಾಂತಾ ಎದ್ದು ನಿಂತಳು. ಶಾಲೆಯಲ್ಲಿ ಆಕೆ ಬಾಯಿ ಬಿಟ್ಟದ್ದು ಅದೇ ಮೊದಲು.

"ಸರ್, ಭೂಮಿಗಿ ಕಿವಿ ಇರ್ತಾವೇನ್ರಿ?"

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮಾಸ್ತರರು ನಗಲಿಲ್ಲ. ಇಲ್ಲ ಬೇಟಾ, ಕಿವಿ ಇಲ್ಲ ಎಂದರು. ಶಾಂತಾ ಕೂತಳು. ರೊಟ್ಟಿಯ ಚೂರು ಆಕೆಯ ಮುಷ್ಟಿಯಲ್ಲೇ ಇತ್ತು.

ಅದೇ ಸಂಜೆ ಮಾಸ್ತರರು ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಆಯಿ, ಅಪ್ಪ ಇದ್ದರು. ಅವ್ವ ಚಹಾ ತಂದಿಟ್ಟಳು, ಅವರು ಕುಡಿಯಲಿಲ್ಲ. ನೇರವಾಗಿ ಬೇವಿನ ಗಿಡದ ಕೆಳಗೆ ಹೋಗಿ ಶಾಂತಾಳ ಎದುರು ನೆಲದ ಮೇಲೇ ಕೂತು, ಭೂಮಿ ಏನು ಕೇಳಿಸಿಕೊಂಡಿತು ಎಂದು ಮೆಲ್ಲಗೆ ಕೇಳಿದರು. ಆಕೆ ತಂಬಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವರು ಎದ್ದು ಹೋಗಲಿಲ್ಲ. ದನಗಳು ಮನೆಗೆ ಬಂದವು, ಅವ್ವ ದೀಪ ಹಚ್ಚಿದಳು. ಆಮೇಲೆ ಯಾವುದೋ ಒಂದು ಹೊತ್ತಿನಲ್ಲಿ ಆಕೆ ಹೇಳಿದಳು. ಗಣಪತಿ ಕಳಿಸಲು ಹೋದಾಗ ಗುಲಾಲಿನ ಗದ್ದಲದಲ್ಲಿ ಹೊಸ ಪರಕಾರ ಹರಿದುಕೊಂಡು ಬಂದಿದ್ದಳಂತೆ. ಗಂಗತ್ತೆ ಬೈದು ಬೆನ್ನಿಗೆ ಎರಡು ಗುದ್ದಿದಳಂತೆ. ಆ ಸಿಟ್ಟಿಗೆ ಕೌದಿ ಎಳೆದುಕೊಂಡು ಕೊಟ್ಟಿಗೆಗೆ ಹೊರಟವಳು ನೆಲಕ್ಕೆ ಕಾಲು ಅಪ್ಪಳಿಸಿ ಒಂದು ಮಾತು ಅಂದಿದ್ದಳು.

"ಈ ಮನಿ ಬೀಳ್ಲಿ ಅಂದೆ," ಎಂದಳು. "ಬಿತ್ತು."

ಅಪ್ಪ ಮುಖ ಆ ಕಡೆ ತಿರುಗಿಸಿದ. ಮಾಸ್ತರರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಆಯಿ ಕಟ್ಟೆಯಿಂದ ಇಳಿದು ಬಂದಳು. ತಾನು ದಿನವೂ ಅಳುತ್ತ ಹೇಳಿದ ಮಾತು ಈ ಕೂಸಿನ ಎದೆಯಲ್ಲಿ ಏನು ಮಾಡಿತ್ತೆಂದು ಆಕೆಗೆ ಆಗ ತಿಳಿದಿರಬೇಕು. ಶಾಂತಾಳ ತಲೆಯನ್ನು ಮಡಿಲಿಗೆಳೆದುಕೊಂಡಳು.

"ನಾ ಈ ಮನಿಗಿ ಸೊಸಿಯಾಗಿ ಬಂದ ದಿನದಿಂದ ಅಂದೀನಿ ಬೇ. ಅತ್ತಿ ಕಾಟಕ್ಕ, ಗಂಡನ ಕಾಟಕ್ಕ, ನೀರ ಹೊತ್ತು ನಡಾ ಮುರದಾಗ, ಈ ಮನಿ ಬೀಳ್ಲಿ, ಈ ಮನಿ ಬೀಳ್ಲಿ ಅಂತ ಹಜಾರ ಸಲ ಅಂದೀನಿ. ಅಕಾ ನೋಡು, ನಿಂತದ. ನನ್ನ ಬಾಯಿಗಿ ಬೀಳಲಾರದ್ದು ನಿನ್ನ ಬಾಯಿಗಿ ಬೀಳ್ತದೇನು?"

ಶಾಂತಾ ಮಾಳಿಗೆಯತ್ತ ನೋಡಿದಳು. ನಂಬಿದಳೆಂದು ನನಗೆ ಅನ್ನಿಸಲಿಲ್ಲ. ಆಯಿ ಅಂದಿನಿಂದ ಶಾಪದ ಮಾತು ಎತ್ತಲಿಲ್ಲ. ಯಾರಾದರೂ ಎತ್ತಿದರೆ ಕಟ್ಟೆಯಿಂದ ಎಬ್ಬಿಸಿ ಕಳಿಸುತ್ತಿದ್ದಳು. ಆದರೂ ಶಾಂತಾ ಮಾಳಿಗೆಯ ಕೆಳಗೆ ಬರಲಿಲ್ಲ. ಮಾತು ಇನ್ನಷ್ಟು ಕಡಿಮೆ ಮಾಡಿದಳು. ಬೆಳಿಗ್ಗೆ ಎದ್ದವಳು ಸಂಜೆಯವರೆಗೆ ತುಟಿ ಬಿಗಿಹಿಡಿದಿರುತ್ತಿದ್ದಳು. ತನ್ನ ಬಾಯನ್ನು ತಾನೇ ಕಾಯುತ್ತಿದ್ದಳು.

ದೀಪಾವಳಿ ಹತ್ತಿರ ಬಂತು. ಹಬ್ಬ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ. ಮಕ್ಕಳಿಗೆಂದು ಅವ್ವ ಅಂಗಳದಲ್ಲೇ ಶೇಂಗಾ ಹುರಿದು ಉಂಡೆ ಕಟ್ಟುತ್ತಿದ್ದಳು. ಬಿಸಿ ಬೆಲ್ಲದ ವಾಸನೆ ಓಣಿಗೆಲ್ಲ ಹರಡಿತ್ತು. ನಾನು, ಶಾಂತಾ ಶೇಂಗಾದ ಸಿಪ್ಪೆ ಊದುತ್ತ ಕೂತಿದ್ದೆವು. ಬಿಸಿಲು ಚೆಲ್ಲಿದ ಮಧ್ಯಾಹ್ನ. ತಟ್ಟನೆ ಗಿಡದ ಕಾಗೆಗಳು ಒಮ್ಮೆಲೇ ಎದ್ದವು. ತಂಬಿಗೆಯ ನೀರಿನಲ್ಲಿ ಸುರುಳಿ ಸುರುಳಿಯಾಗಿ ಗೆರೆ ಎದ್ದಿತು. ಆಮೇಲೆ ಆ ಸಪ್ಪಳ. ಮಾಳಿಗೆಯ ಅಂಚಿನಿಂದ ಮಣ್ಣು ಸುರಿಯಿತು, ಸೀಳಿದ್ದ ಹಿಂದಿನ ಗೋಡೆಯ ಒಂದು ಮೂಲೆ ಕುಸಿದು ಕಲ್ಲುಗಳು ಹಿತ್ತಲಿಗೆ ಉರುಳಿದವು. ಅಷ್ಟೇ, ನಿಂತಿತು. ಆಯಿ ಒಳಗಿರಲಿಲ್ಲ, ಎಮ್ಮೆ ಹೊರಗೆ ಕಟ್ಟಿತ್ತು. ಯಾರಿಗೂ ಏನೂ ಆಗಲಿಲ್ಲ.

ಧೂಳು ಇಳಿಯುವ ಮುಂಚೆಯೇ ಅಪ್ಪ ಹೊಲದಿಂದ ಓಡಿ ಬಂದ. ಶಾಂತಾ ಅವನ ಧೋತರದ ಚುಂಗು ಹಿಡಿದು ಎಳೆದಳು. ಆಕೆಯ ಮುಖದಲ್ಲಿ ಹೆದರಿಕೆಯ ಜೊತೆಗೆ ಬೇರೇನೋ ಇತ್ತು, ಅದನ್ನು ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ.

"ಮಾಮಾ, ಇವತ್ತ ನಾ ಏನೂ ಅಂದಿಲ್ಲ. ಮುಂಜಾನಿಂದ ಒಂದ ಮಾತೂ ಆಡಿಲ್ಲ. ನೀಲಾನ್ನ ಕೇಳ್ರಿ."

ಹೌದು ಎಂದೆ ನಾನು. ಅಪ್ಪ ಧೂಳಿನಲ್ಲೇ ಕುಸಿದು ಕೂತು ಆಕೆಯನ್ನು ಎದೆಗೆ ಒತ್ತಿಕೊಂಡ. ಆಗ ಶಾಂತಾ ಅತ್ತಳು. ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ಅವ್ವಾ ಎಂದು ಕೂಗಿ ಅತ್ತಳು. ಓಣಿಯ ಜನ ಭೂಕಂಪಕ್ಕೆ ಹೆದರಿ ಅಳುತ್ತಿದ್ದಾಳೆಂದುಕೊಂಡರು.

ಮರುದಿನ ಹುಣಸೆ ಮರದ ಕೆಳಗೆ ಆಕೆ ಇನ್ನೊಂದು ಪ್ರಶ್ನೆ ಕೇಳಿದಳು: ಹಾಗಾದರೆ ಮತ್ತೆ ಯಾವಾಗ ಬರುತ್ತದೆ? ಮಾಸ್ತರರು ಅದಕ್ಕೆ ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ ಬೇಟಾ. ಯಾರಿಗೂ ಗೊತ್ತಿಲ್ಲ," ಎಂದರು. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆವಾಗ. ಅಲ್ಲಿಯವರೆಗೆ ಯಾರದೋ ತಪ್ಪಿತ್ತು, ಯಾರೋ ಬಾಯಿ ಬಿಗಿಹಿಡಿದರೆ ತಡೆಯಬಹುದಿತ್ತು. ಈಗ ತಪ್ಪು ಯಾರದೂ ಅಲ್ಲ ಎಂದಾಯಿತು, ತಡೆಯುವವರೂ ಯಾರೂ ಇಲ್ಲ ಎಂದಾಯಿತು. ಶಾಂತಾಳ ಹೆಗಲಿನಿಂದ ಇಳಿದ ಭಾರ ಎಲ್ಲಿಯೂ ಹೋಗಲಿಲ್ಲ. ನಮ್ಮೆಲ್ಲರ ಕಾಲ ಕೆಳಗೆ ಹೋಗಿ ಕೂತಿತು.

ಮಾಸ್ತರರ ಮಾತು ಕೇಳಿ ಅಪ್ಪ ಆ ಚಳಿಗಾಲದಲ್ಲಿ ಮಾಳಿಗೆ ಹತ್ತಿ ಮಣ್ಣು ಇಳಿಸಿದ. ಬುಟ್ಟಿ ಬುಟ್ಟಿ ಮಣ್ಣು ಇಳಿಯುತ್ತಲೇ ಇತ್ತು. ನಾವು ಇಷ್ಟು ದಿನ ಇಷ್ಟನ್ನು ತಲೆಯ ಮೇಲಿಟ್ಟುಕೊಂಡು ಮಲಗಿದ್ದೆವೇ ಎಂದು ಆಯಿ ಆ ಗುಡ್ಡೆಯನ್ನು ನೋಡುತ್ತ ಕೂತಳು. ಕಲ್ಲುಗೋಡೆಯನ್ನೂ ಸೊಂಟದೆತ್ತರಕ್ಕೆ ಇಳಿಸಿ, ಕಟ್ಟಿಗೆಯ ಕಂಬ ನೆಟ್ಟು ಮೇಲೆ ತಗಡು ಹಾಕಿದರು. ತಗಡಿನ ಕೆಳಗೆ ಬೇಸಿಗೆಯಲ್ಲಿ ಬೆಂದುಹೋದೆವು, ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆದರೆ ಶಾಂತಾ ಒಳಗೆ ಬಂದಳು. ನಡುಮನೆಯ ನಡುವೆ, ಗೋಡೆಯಿಂದ ದೂರ ಹಾಸಿಗೆ ಹಾಸಿಕೊಂಡಳು. ಮದುವೆಯಾಗಿ ಹೋಗುವವರೆಗೂ ಆಕೆಯ ಜಾಗ ಅದೇ.

ಬಶೀರ್ ಮಾಸ್ತರರಿಗೆ ಮುಂದೆ ಜೇವರ್ಗಿಯ ಕಡೆ ವರ್ಗವಾಯಿತು. ಈಗ ಅವರಿಲ್ಲ. ಆಯಿ ಇಲ್ಲ, ಅಪ್ಪ ಇಲ್ಲ. ಅವ್ವ ಇದ್ದಾಳೆ, ನನ್ನ ಹೆಸರನ್ನೇ ಆಗಾಗ ಮರೆಯುತ್ತಾಳೆ. ಕಿಣ್ಣಿ ಸುಲ್ತಾನದಲ್ಲಿ ಮಾಳಿಗೆ ಮನೆಗಳು ಬೆರಳೆಣಿಕೆಯಷ್ಟು ಉಳಿದಿವೆ. ಅಂಗಳದಲ್ಲಿ ಯಾರೂ ಮಲಗುವುದಿಲ್ಲ. ನಾನು ಆಳಂದದಲ್ಲಿದ್ದೇನೆ, ಶಾಂತಾ ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ. ನಮ್ಮ ಜಿಲ್ಲೆಯಲ್ಲಿ ಎಲ್ಲಾದರೂ ನೆಲ ಗುಡುಗಿತೆಂದು ಸುದ್ದಿ ಬಂದರೆ ಮೊದಲು ಬರುವ ಫೋನು ಆಕೆಯದೇ. ಎಲ್ಲರೂ ಹುಷಾರೇ ಎಂದು ಕೇಳುತ್ತಾಳೆ. ಆಮೇಲೆ ಪ್ರತಿ ಸಲವೂ ಒಂದೇ ಕೇಳಿಕೆ.

"ನಂಗ ಅವ್ವನ ಸಿಟ್ಟಿನ ಮುಖ ಒಂದೇ ನೆನಪದ ನೀಲಾ. ನಗೋ ಮುಖ ಹೇಳು."

ಗಂಗತ್ತೆಯ ಫೋಟೋಗಳೆಲ್ಲ ಆ ಮನೆಯೊಡನೆಯೇ ಹೋದವು. ನನ್ನ ಬಳಿ ಇರುವುದು ಒಂದೇ ಒಂದು ನೆನಪು. ಯಾವುದೋ ಸಂಕ್ರಾಂತಿಗೆ ತವರಿಗೆ ಬಂದಿದ್ದಳು. ಬಚ್ಚಲಲ್ಲಿ ನನಗೆ ಎಳ್ಳು ಹಚ್ಚಿ ಎರೆಯುವಾಗ ನಾನು ಕೈಯಿಂದ ಜಾರಿ ಓಡಿದೆ. ಆಕೆ ಅಟ್ಟಿಸಿಕೊಂಡು ಬಂದು, ಹಿಡಿಯಲಾಗದೆ, ಬಾಗಿಲ ಕಂಬಕ್ಕೆ ಒರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಗೊತ್ತಿರುವುದು ಇಷ್ಟೇ. ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ಫೋನಿನ ಆ ತುದಿಯಲ್ಲಿ ಆಕೆ ಇನ್ನೂ ಕಾಯುತ್ತಿರುವುದು ಕೇಳುತ್ತದೆ. ಹಾಗಾಗಿ ಒಂದು ಸಲ ಸೀರೆ ಹಸಿರಿತ್ತು ಎಂದೆ. ಇನ್ನೊಂದು ಸಲ ಮೂಗಿನ ಮೇಲೆ ಎಳ್ಳಿನ ಹಿಟ್ಟು ಮೆತ್ತಿತ್ತು ಎಂದೆ. ಈಗ ಕಣ್ಣು ಮುಚ್ಚಿದರೆ ನನಗೂ ಹಸಿರು ಸೀರೆಯೇ ಕಾಣುತ್ತದೆ.

ಮೊನ್ನೆ ಕೊಳಕೂರಿಗೆ ಹೋಗಿದ್ದೆ. ಶಾಂತಾ ಮೊಮ್ಮಗಳ ತಲೆ ಬಾಚುತ್ತ ಕೂತಿದ್ದಳು. ನಿನ್ನ ಅವ್ವ ಹೇಗಿದ್ದಳು ಎಂದು ಮಗು ಕೇಳಿತು. ತನ್ನ ಅವ್ವನಿಗೆ ಹಸಿರು ಸೀರೆಯೆಂದರೆ ಪ್ರಾಣ, ನಕ್ಕರೆ ಸೆರಗು ಬಾಯಿಗೆ ಬರುತ್ತಿತ್ತು, ಮೂಗಿನ ಮೇಲೆ ಹಿಟ್ಟು ಮೆತ್ತಿದ್ದೂ ಆಕೆಗೆ ತಿಳಿಯುತ್ತಿರಲಿಲ್ಲ ಎಂದು ಶಾಂತಾ ತಾನೇ ಕಂಡವಳಂತೆ ಹೇಳಿದಳು. ಹೇಳುತ್ತ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಹೌದಿಲ್ಲೊ ನೀಲಾ?" ಎಂದಳು.

ಹೌದು ಎಂದೆ. ಅಲ್ಲ ಎನ್ನಬಲ್ಲವರು ಈಗ ಯಾರೂ ಉಳಿದಿಲ್ಲ.